ಹಾಲು ಉಕ್ಕದ ಟ್ಯಾಂಕು

ನಮ್ಮ ಭಾವ ಮುನಿಕೃಷ್ಣಪ್ಪನ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಅವನ ಮೊಂಡುತನವನ್ನು. ಕೈಕೆಲಸದ ವಿಷಯ ಆಮೇಲೆ. ಕೆಲಸ ಚೆನ್ನಾಗಿ ಬಲ್ಲವರು ಯಶವಂತಪುರದಲ್ಲಿ ಬೇಕಾದಷ್ಟು ಜನ ಇದ್ದಾರೆ, ಇಷ್ಟು ಮೊಂಡ ಮನುಷ್ಯ ಇನ್ನೊಬ್ಬನಿಲ್ಲ. ನಾನು ಸುಬ್ರಮಣಿ, ಅವನ ಹೆಂಡತಿ ಮಾರಕ್ಕನ ತಮ್ಮ. ಅಕ್ಕನ ಮದುವೆಯಾದ ಹೊಸದರಲ್ಲಿ ಒಂದು ದಿನ ಊಟಕ್ಕೆಂದು ಹೋದವನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ ಕೈಗೆ ಬಫಿಂಗ್ ಮೆಷಿನ್ ಕೊಟ್ಟ. ಅವತ್ತಿನಿಂದ ಅವನು ವೆಲ್ಡಿಂಗ್ ಮಾಡಿದ್ದನ್ನು ನಾನು ಉಜ್ಜಿ ಹೊಳಪು ಮಾಡುತ್ತಾ ಬಂದಿದ್ದೇನೆ. ಆದ್ದರಿಂದ ಅವನನ್ನು ಬೈಯುವ ಹಕ್ಕು ನನಗೆ ಪೂರ್ತಿಯಾಗಿ ಇದೆ.

ಭಾವನದು ಕೆಂಪಾಪುರದ ಹಳೇ ಮನೆ. ಅವರು ರಾಗಿ ಬೆಳೆಯುತ್ತಿದ್ದ ಜಮೀನು ಈಗ ಯಾವುದೋ ಅಪಾರ್ಟ್‌ಮೆಂಟಿನ ಪಾರ್ಕಿಂಗಿನ ಕೆಳಗಿದೆ. ಅದಕ್ಕಾಗಿ ಅವನು ಗೋಳಾಡಿದ್ದನ್ನು ನಾನು ಕೇಳಿಲ್ಲ. ಹುಡುಗನಾಗಿದ್ದಾಗ ಮನೆಯ ಹಸುವಿನ ಹಾಲು ಹಾಕಲು ಡೈರಿಗೆ ಹೋಗುತ್ತಿದ್ದ. ಅಲ್ಲಿ ತೂತುಬಿದ್ದ ಟ್ಯಾಂಕಿಗೆ ತೇಪೆ ಹಾಕುತ್ತಿದ್ದ ಮೇಸ್ತ್ರಿಯೊಬ್ಬನ ಬೆನ್ನು ಹತ್ತಿ ವೆಲ್ಡಿಂಗ್ ಕಲಿತ. ಯಶವಂತಪುರದ ಹಿಂದಿನ ಬೀದಿಯಲ್ಲಿ ಶೆಡ್ಡು ಹಾಕಿದ ಮೇಲೆ ಮೊದಲು ಹಾಲಿನ ಟ್ಯಾಂಕು ಮಾಡಿದ, ಆಮೇಲೆ ಉಪ್ಪಿನಕಾಯಿಯವರಿಗೆ, ಕಷಾಯದವರಿಗೆ. ಯಲಹಂಕದ ಕಡೆ ಔಷಧಿ, ಲಸಿಕೆ ಕಂಪನಿಗಳು ಎದ್ದ ಮೇಲೆ ಫರ್ಮೆಂಟರ್ ಅನ್ನುವ ಟ್ಯಾಂಕಿಗೆ ಕೈ ಹಾಕಿದ. ಹೆಸರು ದೊಡ್ಡದು, ಕೆಲಸ ಇಷ್ಟೇ: ಸೂಕ್ಷ್ಮಾಣುಗಳಿಗೆ ಒಳಗೆ ಊಟ ಹಾಕಿ, ಬೆಚ್ಚಗಿಟ್ಟು, ಗಾಳಿ ಕೊಟ್ಟು ಬೆಳೆಸುವುದು. ನಮ್ಮ ಅಕ್ಕ ಹಾಲಿಗೆ ಹೆಪ್ಪು ಹಾಕಿ ಒಲೆಯ ಪಕ್ಕ ಇಡುವುದೂ ಹೆಚ್ಚುಕಡಿಮೆ ಅದೇ ಕೆಲಸ.

ಭಾವನದೊಂದು ಪದ್ಧತಿ. ಹೊಸ ಮನೆಗೆ ಹೋಗುವಾಗ ಹಾಲು ಉಕ್ಕಿಸುತ್ತಾರಲ್ಲ, ಹಾಗೆ ಶೆಡ್ಡಿನಿಂದ ಹೊರಡುವ ಪ್ರತಿ ಟ್ಯಾಂಕಿನಲ್ಲೂ ಇವನು ಹಾಲು ಉಕ್ಕಿಸಬೇಕು. ಟ್ಯಾಂಕಿಗೆ ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಒಳಗೆ ಹಾಲು ಸುರಿದು, ಬಾಯ್ಲರಿನ ಸ್ಟೀಮ್ ಬಿಡುತ್ತಾನೆ. ಮೇಲಿನ ಬಾಯಲ್ಲಿ ಇಣುಕುತ್ತಾ ನಿಲ್ಲುತ್ತಾನೆ. ನೊರೆ ಎದ್ದಾಗ ಸ್ಟೀಮ್ ನಿಲ್ಲಿಸಿ, ಬೆಲ್ಲ ಹಾಕಿ, ಶೆಡ್ಡಿನವರಿಗೆಲ್ಲ ಒಂದೊಂದು ಲೋಟ ಕೊಡುತ್ತಾನೆ. ಟ್ಯಾಂಕು ಕೊಳ್ಳುವವರೂ ಕುಡಿಯಬೇಕು. ಆಮೇಲೆ ಅದನ್ನು ತೊಳೆದು, ಮತ್ತೆ ತೊಳೆದು ಕಳಿಸುವುದು ನನ್ನ ಹಣೆಬರಹ.

"ನಾವು ಕುಡಿಯೋಕೆ ಹೆದರೋ ಟ್ಯಾಂಕು ನಮ್ಮ ಗೇಟು ದಾಟಬಾರದು ಕಣೋ," ಅನ್ನುತ್ತಾನೆ. ಲಸಿಕೆ ಕಂಪನಿಯ ಎಂಜಿನಿಯರುಗಳು ಮೊದಮೊದಲು ಹೌಹಾರಿದರು. ಇದು ಪೂಜೆ ಮಾಡುವ ಪಾತ್ರೆಯಲ್ಲ ಅಂದರು. ಇವನು ಜಗ್ಗಲಿಲ್ಲ. ಈಗ ಅವರೇ ಫೋನ್ ಮಾಡಿ, ಹಾಲು ಯಾವತ್ತು ಅಣ್ಣ, ನಾವೂ ಬರ್ತೀವಿ ಅನ್ನುತ್ತಾರೆ.

ಭಾವನಿಗೆ ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳು ತೇಜಸ್ವಿನಿ ಯಲಹಂಕದ ಲಸಿಕೆ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ದೊಡ್ಡವಳು ಮಾಲಾಳನ್ನು ಆರ್.ಟಿ. ನಗರದ ಸೋಮನಾಥನಿಗೆ ಕೊಟ್ಟಿದೆ. ಸೋಮನಾಥ ಯಂತ್ರಗಳನ್ನು ಹೊರದೇಶಕ್ಕೆ ಕಳಿಸುವ ಒಂದು ಆಫೀಸಿನಲ್ಲಿ ಇದ್ದ. ತಂದೆತಾಯಿ ಇಲ್ಲದ ಹುಡುಗ. ಮದುವೆಯಾದ ಮೇಲೆ ನಮ್ಮ ಭಾವನನ್ನು 'ಮಾವ' ಎಂದು ಕರೆಯುವುದರಲ್ಲೇ ಅವನಿಗೊಂದು ಸಂತೋಷ ಇತ್ತು. ಮಾತಿಗೆ ಮುಂಚೆ ಮಾವ, ಮಾತಿನ ನಂತರ ಮಾವ. ಭಾವನಿಗೂ ಅಷ್ಟೇ, ಗಂಡುಮಗ ಇಲ್ಲದವನು. ಭಾನುವಾರ ಅಳಿಯ ಬರುತ್ತಾನೆಂದರೆ ಬೆಳಿಗ್ಗೆಯೇ ಹೋಗಿ ನಾಟಿಕೋಳಿ ತರುತ್ತಿದ್ದ. ನನಗೆ ಆ ಮರ್ಯಾದೆ ಒಂದು ದಿನವೂ ಸಿಕ್ಕಿಲ್ಲ.

ಹೋದ ವರ್ಷ ಮಾಲಾ ಬಸುರಿಯಾದ ಸುಮಾರಿಗೆ ಸೋಮನಾಥ ಒಂದು ಆರ್ಡರ್ ತಂದ. ಹೊರದೇಶದ ಒಂದು ಮೊಸರಿನ ಕಾರ್ಖಾನೆಗೆ ಟ್ಯಾಂಕು ಬೇಕಂತೆ. ಅಳಿಯ ತಂದ ಮೊದಲ ಆರ್ಡರು, ಭಾವ ಹಿಗ್ಗಿ ಹೀರೇಕಾಯಿಯಾದ.

ಕೆಲಸ ಶುರುವಾದ ಮೇಲೆ ಡ್ರಾಯಿಂಗ್ ಬದಲಾಗುತ್ತಾ ಹೋಯಿತು. ಮುಚ್ಚಳ ತೆಗೆಯದೆ ಒಳಗೇ ಸ್ಟೀಮ್‌ನಿಂದ ಶುದ್ಧ ಮಾಡುವಂತಿರಬೇಕು ಅಂದರು. ಒಳಗಿನದನ್ನು ಕಲಕುವ ಕಂಬಿಯ ಸಂದು ಮುಚ್ಚಲು ಒಂದು ಸೀಲು ಸಾಲದು, ಜೋಡಿ ಸೀಲು ಹಾಕಿ ಅಂದರು. ಒಳಗಿನ ಗಾಳಿ ಶೋಧಿಸದೆ ಒಂದು ಉಸಿರೂ ಹೊರಗೆ ಬರಬಾರದು ಅಂದರು. ನಾನು ಉಜ್ಜುತ್ತಾ ಕೂತಿದ್ದವನು ಕೇಳಿದೆ:

"ಭಾವ, ಮೊಸರು ಏನು ಓಡಿಹೋಗುತ್ತಾ? ಅದಕ್ಕೆ ಯಾಕೆ ಇಷ್ಟು ಬೀಗ?"

"ಲಸಿಕೆಯವರಿಗೂ ಇಂಥದ್ದೇ ಮಾಡಿಕೊಟ್ಟಿದೀವಲ್ಲ."

"ಅವ್ರು ಲಸಿಕೆ ಅಂತ ಹೇಳಿ ಮಾಡಿಸಿದ್ರು. ಇವ್ರು ಮೊಸರು ಅಂತವ್ರೆ."

"ಅಲ್ಲಿ ತೆರಿಗೆ ಕಮ್ಮಿ ಆಗ್ಲಿ ಅಂತ ಹಂಗೆ ಬರೆಸ್ತಾರಂತೆ. ಸೋಮನಾಥ್ ಹೇಳಿದ್ರು."

ಬೇರೆ ಯಾರಾದರೂ ಆಗಿದ್ದರೆ ಭಾವ ಅವರ ಬುಡ ಬೇರು ಎಲ್ಲ ಕೆದಕುತ್ತಿದ್ದ. ಹೊಸ ಗಿರಾಕಿ ಬಂದರೆ ಯಾವೂರು, ಯಾರ ಕಡೆ, ಏನು ಮಾಡ್ತೀರಿ ಅಂತ ಕೇಳಿಯೇ ಅಳತೆ ಟೇಪು ತೆಗೆಯುವವನು ಅವನು. ಆದರೆ ಅಳಿಯನನ್ನು ಅನುಮಾನದಿಂದ ಕೇಳುವುದು ನಮ್ಮಲ್ಲಿ ಇಲ್ಲ. ಹೆಣ್ಣು ಕೊಟ್ಟ ಮೇಲೆ ಕೇಳುವುದೇನಿದ್ದರೂ ಊಟ ಆಯ್ತಾ ಅಂತ. ಹಾಗಾಗಿ ಅವನು ಕೇಳಲಿಲ್ಲ, ಟ್ಯಾಂಕು ತಯಾರಾಯಿತು.

ಸೋಮನಾಥನ ಕಡೆ ಹಿರಿಯರಿಲ್ಲದ್ದರಿಂದ ಮಾಲಾಳ ಸೀಮಂತವನ್ನು ಕೆಂಪಾಪುರದಲ್ಲೇ ಇಟ್ಟುಕೊಂಡಿದ್ದೆವು. ಭಾವ ಅದೇ ದಿನ ಬೆಳಿಗ್ಗೆ ಹಾಲು ಉಕ್ಕಿಸುವುದೂ ಆಗಲಿ ಅಂದ. ಟ್ಯಾಂಕು ನೋಡಲು ಕೊಳ್ಳುವವರ ಕಡೆಯ ಒಬ್ಬ ಮನುಷ್ಯ ಬರುವವನಿದ್ದ. ಅವನನ್ನೂ ಮಧ್ಯಾಹ್ನದ ಊಟಕ್ಕೆ ಕರೆಯುವುದೆಂದು ತೀರ್ಮಾನವಾಗಿತ್ತು.

ಬಂದವನು ಅಚ್ಚುಕಟ್ಟಾದ ಮನುಷ್ಯ, ಮಾತು ಕಡಿಮೆ. ಇಂಗ್ಲಿಷಿನಲ್ಲಿ ಹೇಳಿದ್ದನ್ನು ಸೋಮನಾಥ ನಮಗೆ ಕನ್ನಡದಲ್ಲಿ ಹೇಳುತ್ತಿದ್ದ. ಆ ಮನುಷ್ಯ ಕೆಲಸ ನೋಡಿ ತಲೆದೂಗಿದ. ನಾನು ಉಜ್ಜಿದ್ದರಲ್ಲಿ ತನ್ನ ಮುಖವನ್ನೂ ನೋಡಿಕೊಂಡ. ಭಾವ ಕುಂಕುಮ ಇಟ್ಟು ಹಾಲಿನ ಕ್ಯಾನು ಎತ್ತಿದಾಗ ಅವನು ಕೈ ಅಡ್ಡ ಹಿಡಿದ.

"ಮಾವ, ಇದಕ್ಕೆ ಹಾಲು ಬೇಡ್ವಂತೆ," ಅಂದ ಸೋಮನಾಥ.

"ಯಾಕಂತೆ?"

"ಒಳಗೆ ಬೇರೆ ಏನೂ ತಾಕಬಾರದಂತೆ."

"ತೊಳೆದು ಕೊಡ್ತೀವಿ ಅಂತ ಹೇಳಿ. ನಮ್ಮ ಸುಬ್ರಮಣಿ ಇದಾನೆ."

ಅವರಿಬ್ಬರೂ ಮಾತಾಡಿಕೊಂಡರು. "ತೊಳೆದ್ರೂ ಬೇಡ್ವಂತೆ ಮಾವ. ಬಿಟ್ಬಿಡಿ ಇದೊಂದು ಸಲ."

ಭಾವ ಕ್ಯಾನು ಕೆಳಗಿಡಲಿಲ್ಲ. "ಮೊಸರು ಮಾಡೋರಿಗೆ ಹಾಲು ಕಂಡ್ರೆ ಭಯಾನಾ? ಯಾವ ಡೈರಿ ಅಂತ ಕೇಳಿ. ಊರಿನ ಹೆಸರೇನು?"

ಆ ಮನುಷ್ಯ ಯಾವುದೋ ಬಂದರಿನಲ್ಲಿರುವ ವ್ಯಾಪಾರದ ಕಂಪನಿಯ ಹೆಸರು ಹೇಳಿದ.

"ಅದು ಮಾರೋ ಅಂಗಡಿ. ಈ ಟ್ಯಾಂಕು ಕೊನೆಗೆ ಯಾರ ಮನೆ ಸೇರುತ್ತೆ ಅಂತ ನಾನು ಕೇಳಿದ್ದು."

ಸೋಮನಾಥ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ಆ ಮನುಷ್ಯ ನಕ್ಕು ಫೋನ್ ನೋಡಿಕೊಂಡ. ಮತ್ತೆ ಕೇಳಿದಾಗಲೂ ನಕ್ಕ. ಭಾವ ಕ್ಯಾನನ್ನು ಮೂಲೆಗೆ ಒಯ್ದಿಟ್ಟು ಕೈ ಒರೆಸಿಕೊಂಡ. "ಅವರು ನಮ್ಮನೇಲಿ ಊಟ ಮಾಡ್ಕೊಂಡು ಹೋಗ್ಲಿ. ಟ್ಯಾಂಕು ಇವತ್ತು ಹೋಗಲ್ಲ," ಅಂದ. ಆ ಮನುಷ್ಯ ಊಟಕ್ಕೂ ಬರಲಿಲ್ಲ.

ಸೀಮಂತ ನಡೆಯಿತು. ಮಾಲಾಳಿಗೆ ಹಸಿರು ಬಳೆ ತೊಡಿಸಿದರು, ಹೆಂಗಸರು ಆರತಿ ಎತ್ತಿದರು. ಸೋಮನಾಥ ಪಕ್ಕದಲ್ಲಿ ಮುಖ ಊದಿಸಿಕೊಂಡು ಕೂತಿದ್ದ. ಊಟವಾದ ಮೇಲೆ ಮನೆಯವರು ಮಾತ್ರ ಮಹಡಿಗೆ ಹೋದೆವು. ಅಲ್ಲಿ ತೇಜಸ್ವಿನಿ ಡ್ರಾಯಿಂಗ್ ನೋಡಿ ವಿಷಯ ಬಿಡಿಸಿ ಹೇಳಿದಳು.

"ಅಪ್ಪ, ಇಂಥ ಟ್ಯಾಂಕನ್ನ ದೇಶದಿಂದ ಹೊರಗೆ ಕಳಿಸೋಕೆ ದೆಹಲಿಯಿಂದ ಪರವಾನಗಿ ಬೇಕು. ಮುಚ್ಚಳ ತೆಗೀದೆ ಶುದ್ಧ ಮಾಡೋದು, ಏನೂ ಹೊರಗೆ ಬರದೇ ಇರೋದು, ಇಂಥವೆಲ್ಲ ಒಂದು ಪಟ್ಟಿಯಲ್ಲಿ ಇದಾವೆ. ನಮ್ಮ ದೇಶ ಒಂದೇ ಅಲ್ಲ, ಬೇರೆ ದೇಶಗಳೂ ಹಂಗೇ ಇಟ್ಕೊಂಡಿವೆ."

"ಟ್ಯಾಂಕಿಗೆ ಯಾಕಮ್ಮ ಪರವಾನಗಿ? ಇದೇನು ಬಂದೂಕಾ?" ಅಂದೆ ನಾನು.

"ಕುರಿಗೆ ನೆರಡಿ ರೋಗ ಬರುತ್ತಲ್ಲ ಮಾಮ, ಆಂತ್ರಾಕ್ಸು. ಆ ರೋಗಾಣು ಬೆಳೆಸಿದ್ರೆ ಕುರಿಗೆ ಲಸಿಕೆ ಮಾಡ್ಬೋದು. ಮನಸ್ಸು ಕೆಟ್ಟಿದ್ರೆ ಜನಗಳ ಮೇಲೆ ಬಿಡೋಕೂ ಬೆಳೆಸ್ಬೋದು. ಯಾವುದಕ್ಕೆ ಅಂತ ಟ್ಯಾಂಕಿಗೆ ಗೊತ್ತಾಗಲ್ಲ."

ರೋಗವನ್ನು ಆಯುಧ ಮಾಡುವುದಿಲ್ಲ ಎಂದು ಲೋಕದ ಬಹುತೇಕ ಎಲ್ಲ ದೇಶಗಳೂ ಸಹಿ ಹಾಕಿವೆಯಂತೆ. ಆ ಒಪ್ಪಂದಕ್ಕೆ ಐವತ್ತು ವರ್ಷ ಆಗಿದೆಯಂತೆ. ಆದರೆ ಸಹಿ ಹಾಕಿದವರು ಮಾತು ಉಳಿಸಿಕೊಂಡಿದ್ದಾರಾ ಅಂತ ಮನೆಮನೆಗೆ ಹೋಗಿ ನೋಡುವ ತನಿಖೆಯವರನ್ನು ಯಾರೂ ನೇಮಿಸಿಲ್ಲ. ನೇಮಿಸಬೇಕಾ ಬೇಡವಾ ಎಂದು ಜಿನೀವಾದಲ್ಲಿ ಕೂತು ಮಾತಾಡುತ್ತಲೇ ಇದ್ದಾರಂತೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ. ಅಷ್ಟರೊಳಗೆ ವಿಜ್ಞಾನ ಬಲು ದೂರ ಹೋಗಿಬಿಟ್ಟಿದೆ. ಹಿಂದೆ ದೊಡ್ಡ ಸರ್ಕಾರಗಳ ಕೈಲಿ ಮಾತ್ರ ಆಗುತ್ತಿದ್ದುದು ಈಗ ಸಣ್ಣ ಜಾಗದಲ್ಲಿ, ಕಡಿಮೆ ಜನರಿಂದ ಆಗಬಹುದು, ರೋಗಾಣುವಿನ ಒಳಗಿನ ಗುಣವನ್ನೇ ತಿದ್ದುವ ಉಪಕರಣಗಳು ಮೇಜಿನ ಮೇಲೆ ಬಂದು ಕೂತಿವೆ ಅಂದಳು. ಆದ್ದರಿಂದ ಟ್ಯಾಂಕು ಮಾಡುವವನು, ಮಾರುವವನು, ಕಳಿಸುವವನು ತಾವು ಯಾರಿಗೆ ಕೊಡುತ್ತಿದ್ದೇವೆ ಅಂತ ಕೇಳಲೇಬೇಕು.

ಭಾವ ಗಲ್ಲ ತುರಿಸಿಕೊಂಡ. "ಅಂದ್ರೆ ಜಿನೀವಾದಲ್ಲಿ ಕೂತೋರು ನೋಡದೇ ಇರೋದನ್ನ ಯಶವಂತಪುರದಲ್ಲಿ ನಾನು ನೋಡ್ಬೇಕು."

"ಹೂಂ ಅಪ್ಪ. ಸದ್ಯಕ್ಕೆ ಹಂಗೇ."

ಸೋಮನಾಥ ಎದ್ದು ನಿಂತ. "ಎಲ್ಲರೂ ನನ್ನ ಕಳ್ಳನ ಥರ ನೋಡ್ತಿದೀರ. ಅವ್ರೂ ಲಸಿಕೆ ಮಾಡೋರೇ ಇರ್ಬೋದು. ಪರವಾನಗಿ ಅಂದ್ರೆ ತಿಂಗಳುಗಟ್ಟಲೆ ಕಾಯ್ಬೇಕು, ಪಾರ್ಟಿ ಕೈಬಿಟ್ಟು ಹೋಗುತ್ತೆ. ಅದಕ್ಕೇ ಆಫೀಸಲ್ಲಿ ಮೊಸರಿನ ಟ್ಯಾಂಕು ಅಂತ ಬರೆದ್ರು."

"ಅಳಿಯ ಅಲ್ಲ, ಮಗಳ ಗಂಡ ಅಂದಂಗೆ," ಅಂದುಬಿಟ್ಟೆ. ನನ್ನ ಬಾಯಿಗೆ ಬೀಗ ಇಲ್ಲ. ಅಕ್ಕ ನನ್ನ ತೊಡೆ ಚಿವುಟಿದಳು.

"ಸೋಮನಾಥ್, ನೀವು ಕಳ್ಳ ಅಂತ ನಾನು ಅಂದಿಲ್ಲ," ಅಂದ ಭಾವ. "ಅವ್ರು ಯಾರು, ಏನಕ್ಕೆ ಅಂತ ಹೇಳ್ಲಿ. ಪರವಾನಗಿ ಬರ್ಲಿ. ನಾನೇ ಲಾರಿಗೆ ಹತ್ತಿಸ್ತೀನಿ. ಅಲ್ಲೀವರೆಗೂ ಇಲ್ಲ."

"ನಾನು ಮಾತು ಕೊಟ್ಟಿದೀನಿ ಮಾವ. ನನ್ನ ಮರ್ಯಾದೆ ಪ್ರಶ್ನೆ."

"ಇಲ್ಲ."

ಸೋಮನಾಥ ಮಹಡಿ ಇಳಿದು, ಚಪ್ಪಲಿ ಹಾಕಿಕೊಂಡು, ಮಾಲಾಳಿಗೂ ಹೇಳದೆ ಹೊರಟುಹೋದ. ಅವಳು ಹಸಿರು ಬಳೆಯ ಕೈಯಲ್ಲಿ ಬಾಗಿಲು ಹಿಡಿದು ನಿಂತಿದ್ದಳು. ಅದನ್ನು ನೋಡಿ ನನಗೆ ಭಾವನ ಮೇಲೆ ಕೆಟ್ಟ ಕೋಪ ಬಂತು.

ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಬಂದು ಇರುವುದು ಪದ್ಧತಿ. ಹಾಗಾಗಿ ಮಾಲಾ ಕೆಂಪಾಪುರದಲ್ಲೇ ಉಳಿದಾಗ ಬೀದಿಯವರಿಗೆ ಯಾವ ಅನುಮಾನವೂ ಬರಲಿಲ್ಲ. ಗಂಡ ಬರುತ್ತಿಲ್ಲ, ಫೋನ್ ಎತ್ತುತ್ತಿಲ್ಲ ಅನ್ನುವುದು ಮನೆಯವರಿಗೆ ಮಾತ್ರ ಗೊತ್ತಿತ್ತು. ಪಕ್ಕದ ಮನೆಯವರು, ಏನ್ ಮಾಲಾ, ತವರುಮನೆ ಊಟ ಮೈಗೆ ಹತ್ತಿದೆ ಅನ್ನುವರು. ಅವಳು ನಗುವಳು. ಅಕ್ಕ ಒಳಗೆ ಬಂದು ಭಾವನ ಮುಂದೆ ತಟ್ಟೆ ಕುಕ್ಕುವಳು.

ನಾನೂ ಸುಮ್ಮನಿರಲಿಲ್ಲ. ಟ್ಯಾಂಕಿಗೆ ಗೋಣಿತಾಟು ಹೊದಿಸುತ್ತಾ ಹೇಳಿದೆ: "ಲೋಕಕ್ಕೆಲ್ಲ ನೀನೇ ಕಾವಲುಗಾರನಾ? ಮಗಳ ಬಾಳು ನೋಡು ಮೊದಲು."

"ಅದನ್ನೇ ನೋಡ್ತಿದೀನಿ ಕಣೋ," ಅಂದ.

"ಏನ್ ನೋಡ್ತಿದೀಯ? ನೀನು ಕೊಡದಿದ್ರೆ ಇನ್ನೊಬ್ಬ ಮಾಡಿಕೊಡ್ತಾನೆ."

ಅದಕ್ಕೆ ಉತ್ತರ ಪಿಳ್ಳಣ್ಣನ ಬಾಯಿಂದ ಬಂತು. ಪಿಳ್ಳಣ್ಣ ನಮ್ಮ ಬೀದಿಯ ಶೆಡ್ಡುಗಳಿಗೆಲ್ಲ ಸೀಲು, ವಾಲ್ವು ತಂದುಕೊಡುವವನು. ಒಂದು ದಿನ ಟೀ ಕುಡಿಯುತ್ತಾ, ನಿಮ್ಮ ಹಳೇ ಜಾಬು ಆ ಕೊನೆ ಶೆಡ್ಡಿಗೆ ಹೋಗಿದೆಯಲ್ಲ ಮುನಿಕೃಷ್ಣಪ್ಪ, ಅದೇ ಡ್ರಾಯಿಂಗು, ಅದೇ ಜೋಡಿ ಸೀಲು ಕೇಳಿದ್ರು ಅಂದ. ಅವನ ಮಟ್ಟಿಗೆ ಅದು ಬರೀ ವ್ಯಾಪಾರದ ಸುದ್ದಿ. ಭಾವನ ಟೀ ಹಾಗೇ ಆರಿತು.

ಅಲ್ಲಿಯವರೆಗೆ ಅವನು ತನ್ನ ಗೇಟು ಕಾದುಕೊಂಡರೆ ಸಾಕು ಅಂದುಕೊಂಡಿದ್ದ. ಈಗ ಅದು ಸಾಲದು ಎಂದು ಗೊತ್ತಾಯಿತು. ಟ್ಯಾಂಕು ಹೊರಟುಹೋಗುವ ಮುಂಚೆ ಸರ್ಕಾರಕ್ಕೆ ಹೇಳಬೇಕು. ಹೇಳಿದರೆ ಮೊದಲು ಕೇಳುವುದು ಆ ಆರ್ಡರ್ ತಂದವನನ್ನು. ಹುಟ್ಟುವ ಮಗುವಿನ ಅಪ್ಪನನ್ನು ತಾತನೇ ಹಿಡಿದುಕೊಟ್ಟ ಹಾಗೆ ಆಗುತ್ತದೆ. ಹೇಳದಿದ್ದರೆ ಟ್ಯಾಂಕು ಯಾರದೋ ಕೈ ಸೇರುತ್ತದೆ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವನ ಹಾಗೆ ಒಂದು ವಾರ ಓಡಾಡಿದ. ವೆಲ್ಡಿಂಗ್ ಕೆಟ್ಟಿತು. ಅವನ ಬೆಸುಗೆಯನ್ನು ಕಿತ್ತು ಮತ್ತೆ ಹಾಕು ಎಂದು ನಾನು ಹೇಳಬೇಕಾಗಿ ಬಂದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಅದನ್ನು ಹೇಳಿ ಬೈಯುವುದಕ್ಕೂ ನನಗೆ ಮನಸ್ಸಾಗಲಿಲ್ಲ.

ಕೊನೆಗೆ ಮಗಳ ಹತ್ತಿರವೇ ಹೋಗಿ ಕೂತ. ಅವಳು ಹಿತ್ತಿಲ ಕಟ್ಟೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ವಿಷಯ ಎಲ್ಲ ಹೇಳಿ, "ನೀನೇ ಹೇಳವ್ವ, ಏನ್ ಮಾಡ್ಲಿ?" ಅಂದ.

ಮಾಲಾ ಸುಲಿಯುವುದನ್ನು ನಿಲ್ಲಿಸಲಿಲ್ಲ. "ನನ್ನ ಕೇಳ್ಬೇಡ ಅಪ್ಪ. ನಾನು ಬೇಡ ಅಂದ್ರೆ ನೀನು ಹೋಗಲ್ಲ. ಆಮೇಲೆ ಎಲ್ಲೋ ಜನ ಕಾಯಿಲೆ ಬಿದ್ರು ಅಂತ ಟಿವಿಯಲ್ಲಿ ಬಂದಾಗೆಲ್ಲ, ಇದು ನನ್ನಿಂದಾನೇ ಏನೋ ಅಂತ ನಾನು ನೋಡ್ತಾ ಕೂರ್ಬೇಕು. ನನ್ನ ಮಗೂನ ಮಡಿಲಲ್ಲಿ ಇಟ್ಕೊಂಡು."

ಇನ್ನೊಂದು ಕಾಯಿ ಕೈಗೆತ್ತಿಕೊಂಡು, "ಅವ್ರು ಕೆಟ್ಟೋರಲ್ಲ ಅಪ್ಪ. ಅವ್ರನ್ನೂ ಒಂದ್ ಮಾತು ಕೇಳು," ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ಭಾವ ಅವಳ ತಲೆ ಸವರಿ ಎದ್ದ.

ಮಧ್ಯಾಹ್ನ ನನ್ನನ್ನು ಹಿಂದೆ ಕೂರಿಸಿಕೊಂಡು ಸ್ಕೂಟರ್ ಹತ್ತಿದ. ಹೆಬ್ಬಾಳದ ಫ್ಲೈಓವರಿನ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೋದೆವು. ಆರ್.ಟಿ. ನಗರದಲ್ಲಿ ಸೋಮನಾಥನ ಆಫೀಸಿನ ಕೆಳಗೆ ಜ್ಯೂಸ್ ಅಂಗಡಿ ಇದೆ. ಅಲ್ಲಿಗೆ ಅವನನ್ನು ಕರೆಸಿದೆವು. ಹುಡುಗ ಇಳಿದುಹೋಗಿದ್ದ. ಗಡ್ಡ ಬಿಟ್ಟಿದ್ದ.

ಭಾವ ಸುತ್ತಿಬಳಸಲಿಲ್ಲ. "ಆ ಟ್ಯಾಂಕು ಈಗ ಎಲ್ಲಿ ತಯಾರಾಗ್ತಿದೆ ಅಂತ ನಂಗೆ ಗೊತ್ತಾಗಿದೆ. ನಾಳೆ ಬೆಳಿಗ್ಗೆ ನಾನು ಸರ್ಕಾರದ ರಫ್ತು ಆಫೀಸಿಗೆ ಹೋಗಿ ಎಲ್ಲಾ ಹೇಳ್ತೀನಿ. ನಿಮ್ಮ ಹೆಸರು ಬರುತ್ತೆ. ಮುಚ್ಚಿಡೋಕೆ ನಂಗೆ ಬರಲ್ಲ."

ಸೋಮನಾಥನ ಮುಖ ಬಿಳುಚಿತು. "ನಿಮ್ಮ ಮಗಳ ಗಂಡ ನಾನು."

"ಅದಕ್ಕೇ ಇವತ್ತು ಬಂದೆ. ಬೇರೆಯವನಾಗಿದ್ರೆ ನೇರವಾಗಿ ಅಲ್ಲಿಗೇ ಹೋಗ್ತಿದ್ದೆ. ನಾನು ಮೊದಲು ಹೋದ್ರೆ ನೀವು ಸಿಕ್ಕಿಬಿದ್ದೋರು ಆಗ್ತೀರ. ನೀವು ಮೊದಲು ಹೋದ್ರೆ ಹೇಳಿದೋರು ಆಗ್ತೀರ. ಬಾಗಿಲು ತೆಗೆಯೋ ಹೊತ್ತಿಗೆ ನಾನು ಅಲ್ಲಿರ್ತೀನಿ."

"ನನ್ನ ಕೆಲಸ ಹೋಗುತ್ತೆ."

"ಹೋಗುತ್ತೆ," ಅಂದ ಭಾವ. ಸಮಾಧಾನಕ್ಕಾದರೂ ಒಂದು ಸುಳ್ಳು ಹೇಳಬಾರದೇ ಅನ್ನಿಸಿತು ನನಗೆ. ಹೇಳಲಿಲ್ಲ. ಸೋಮನಾಥ ಎದ್ದು ಮೆಟ್ಟಿಲು ಹತ್ತಿ ಹೋದ. ಅವನಿಗೆಂದು ತರಿಸಿದ್ದ ಮೂಸಂಬಿ ಜ್ಯೂಸನ್ನು ನಾನೇ ಕುಡಿದೆ.

ಮಾರನೆ ದಿನ ಬೆಳಿಗ್ಗೆ ಆಫೀಸಿನ ಬಾಗಿಲು ಇನ್ನೂ ತೆಗೆದಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಸೋಮನಾಥ ಕೂತಿದ್ದ. ಗಡ್ಡ ಬೋಳಿಸಿಕೊಂಡು, ಮದುವೆಯಲ್ಲಿ ನಾವು ಕೊಟ್ಟಿದ್ದ ಷರ್ಟು ಹಾಕಿಕೊಂಡಿದ್ದ. ನಮ್ಮನ್ನು ನೋಡಿ ಎದ್ದು ನಿಲ್ಲಲಿಲ್ಲ, ಮುಖ ತಿರುಗಿಸಿಕೊಂಡ. ಭಾವ ಬೆಂಚಿನ ಈ ತುದಿಯಲ್ಲಿ ಕೂತ. ನಡುವೆ ನಾನು ಕೂತೆ. ಬಾಗಿಲು ತೆಗೆದಾಗ ಸೋಮನಾಥ ಮೊದಲು ಒಳಗೆ ಹೋದ.

ಆಮೇಲಿನದು ಸರ್ಕಾರಿ ಕೆಲಸ. ಅಧಿಕಾರಿಗಳು ಬಂದು ಗೋಣಿತಾಟು ಸರಿಸಿ ಟ್ಯಾಂಕಿನ ಫೋಟೋ ತೆಗೆದರು, ಅಳತೆ ಮಾಡಿದರು, ಕೇಳಿದ್ದನ್ನೇ ತಿರುಗಾಮುರುಗಾ ಕೇಳಿದರು. ಕೊನೆ ಶೆಡ್ಡಿನಲ್ಲಿ ಅರ್ಧ ಆಗಿದ್ದ ಕೆಲಸ ನಿಂತಿತು. ಆ ಅಚ್ಚುಕಟ್ಟಾದ ಮನುಷ್ಯನ ಫೋನ್ ಮತ್ತೆ ಹತ್ತಲಿಲ್ಲ. ಅವನ ಹಿಂದೆ ಇದ್ದವರು ಯಾರು ಎಂದು ನಮಗೆ ಇವತ್ತಿಗೂ ತಿಳಿಯದು. ಪಾಪ, ನಿಜವಾಗಿ ಲಸಿಕೆ ಮಾಡುವವರೇ ಇದ್ದಿರಬಹುದು. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವುದೂ ಗಾದೆಯೇ. ಯಾವುದು ನಿಜವೋ ತಿಳಿಯದೆಯೇ ಭಾವ ಇದನ್ನೆಲ್ಲ ಮಾಡಿದ. ನನ್ನ ಕೈಲಿ ಆಗುತ್ತಿರಲಿಲ್ಲ.

ಸೋಮನಾಥನನ್ನು ಹಲವು ಸಲ ಕರೆಸಿ ಕೇಳಿದರು. ತಾನಾಗಿ ಬಂದು ಹೇಳಿದವನು ಎಂದು ಅವನ ಮೇಲೆ ಕೇಸು ಹಾಕಲಿಲ್ಲ. ಕೆಲಸ ಮಾತ್ರ ಹೋಯಿತು. ಅವನ ಹಳೇ ಆಫೀಸಿನವರು ಹೇಳಿದ ಮಾತು ಕೇಳಿ ಬೇರೆ ಆಫೀಸಿನವರೂ ಸೇರಿಸಿಕೊಳ್ಳಲಿಲ್ಲ. ಮಾಲಾಳಿಗೆ ಹೆಣ್ಣುಮಗು ಹುಟ್ಟಿತು. ಸೋಮನಾಥ ಆಸ್ಪತ್ರೆಗೆ ಓಡಿಬಂದ, ಮಗುವನ್ನು ಎತ್ತಿಕೊಂಡು ಅತ್ತ. ಮಾಲಾಳ ಜೊತೆ ಎಲ್ಲ ಸರಿಹೋಯಿತು. ಆದರೆ ಭಾವ ಎದುರಿಗೆ ಬಂದರೆ ಬಾಯಿಗೆ ಬೀಗ. ನಾಮಕರಣದ ದಿನ ಒಂದೇ ಪಂಕ್ತಿಯಲ್ಲಿ ಕೂತು ಉಂಡರು, ಒಂದು ಮಾತಿಲ್ಲ.

ಆಮೇಲೆ ಅಕ್ಕ ಹಟ ಹಿಡಿದು, ಕೆಲಸವಿಲ್ಲದ ಸೋಮನಾಥನನ್ನು ಶೆಡ್ಡಿಗೇ ಕಳಿಸಿದಳು. ನಾನು ಬಫಿಂಗ್ ಕಲಿಸಲು ನೋಡಿದೆ. ಮೊದಲ ದಿನವೇ ಮೆಷಿನ್ ಒತ್ತಿ ಒಂದು ಮುಚ್ಚಳವನ್ನು ಸವೆಸಿ ಹಾಳುಮಾಡಿದ. ಸಾಕು ಸ್ವಾಮಿ ಎಂದು ಕೈ ಮುಗಿದು, ಲೆಕ್ಕಪತ್ರ, ಪರವಾನಗಿ, ಗಿರಾಕಿಗಳ ಮಾತುಕತೆ ನೋಡಿಕೊಳ್ಳಿ ಅಂದೆ. ಅದರಲ್ಲಿ ಹುಷಾರು. ಹೊಸಬರು ಬಂದರೆ ಬೆವರಿಳಿಯುವ ಹಾಗೆ ವಿಚಾರಿಸುತ್ತಾನೆ. ಆದರೆ ಭಾವನಿಗೆ ಹೇಳಬೇಕಾದ್ದನ್ನು ನನಗೆ ಹೇಳುವನು. "ಸುಬ್ರಮಣಿ ಮಾಮ, ಶೀಟು ಬಂದಿದೆ ಅಂತ ಅವರಿಗೆ ಹೇಳಿ." ಆ 'ಅವರು' ಮೂರು ಅಡಿ ದೂರದಲ್ಲೇ ನಿಂತಿರುವರು. ನಾನು, "ಅವರೇ, ಶೀಟು ಬಂದಿದೆಯಂತೆ," ಅನ್ನುವೆನು. ಭಾವ ನಗುತ್ತಿರಲಿಲ್ಲ. ಒಂದು ದಿನ ನಾವಿಬ್ಬರೇ ಇದ್ದಾಗ, "ಸೋಮನಾಥ್ ನನ್ನನ್ನ 'ಮಾವ' ಅಂದು ಎಷ್ಟು ದಿನ ಆಯ್ತೋ," ಅಂದ. ಅವನು ನೋವನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಗೋಣಿತಾಟು ಹೊದ್ದ ಟ್ಯಾಂಕು ಮೂಲೆಯಲ್ಲೇ ಇತ್ತು. ಅಧಿಕಾರಿಗಳಿಂದ ಅಡ್ಡಿಯಿಲ್ಲ ಎಂದು ಪತ್ರ ಬಂದ ಮೇಲೆ ಹುಣಸಮಾರನಹಳ್ಳಿಯ ಆಚೆ ದನಕುರಿಗಳ ಲಸಿಕೆ ಮಾಡುವವರು ಅದನ್ನು ಕೇಳಿದರು. ಸೋಮನಾಥ ಕಾಗದಪತ್ರ ಎಲ್ಲ ಮಾಡಿದ. ಭಾವ ಬಸ್ಸು ಹತ್ತಿ ಹೋಗಿ ಅವರ ಜಾಗ ನೋಡಿಕೊಂಡು ಬಂದ. ನಾನು ಧೂಳು ತೆಗೆದು, ಒಳಗೂ ಹೊರಗೂ ಮತ್ತೆ ಉಜ್ಜಿ ಕನ್ನಡಿ ಮಾಡಿದೆ.

ಹಾಲು ಉಕ್ಕಿಸುವ ದಿನ ಅಕ್ಕ, ಮಾಲಾ, ತೇಜಸ್ವಿನಿ ಎಲ್ಲರೂ ಶೆಡ್ಡಿಗೆ ಬಂದಿದ್ದರು. ಮಗು ಮಾಲಾಳ ಹೆಗಲ ಮೇಲೆ ಮಲಗಿತ್ತು. ನೊರೆ ಎದ್ದಿತು. ಭಾವ ಬೆಲ್ಲ ಹಾಕಿ ಲೋಟಗಳಿಗೆ ಬಗ್ಗಿಸಿದ. ಮೊದಲನೆಯದನ್ನು ಸೋಮನಾಥನ ಮುಂದೆ ಹಿಡಿದ. ಸೋಮನಾಥ ತೆಗೆದುಕೊಂಡ, ಆದರೆ ಕುಡಿಯಲಿಲ್ಲ. ಲೋಟವನ್ನೇ ನೋಡುತ್ತಾ ನಿಂತ. ನಾವೆಲ್ಲ ನಮ್ಮ ಲೋಟ ಹಿಡಿದು ಕಾದೆವು.

"ಮಾವ," ಅಂದ. "ಈ ಟ್ಯಾಂಕು ಯಾರ ಮನೆ ಸೇರುತ್ತೆ?"

ಕಾಗದಪತ್ರ ಮಾಡಿದವನು ಅವನೇ. ಅವನಿಗೆ ಗೊತ್ತಿಲ್ಲದ್ದೇನೂ ಇರಲಿಲ್ಲ. ಆದರೂ ಭಾವ ಹೊಸ ಗಿರಾಕಿಗೆ ಹೇಳುವ ಹಾಗೆ ಒಂದೊಂದಾಗಿ ಹೇಳಿದ.

"ಹುಣಸಮಾರನಹಳ್ಳಿ ದಾಟಿ ಎಡಕ್ಕೆ ಹೋಗ್ಬೇಕು. ಕುರಿಗೆ ನೆರಡಿ ರೋಗದ ಲಸಿಕೆ ಮಾಡ್ತಾರೆ. ನಾನೇ ಹೋಗಿ ನೋಡ್ಕೊಂಡು ಬಂದಿದೀನಿ. ಟ್ಯಾಂಕು ಇಡೋ ಜಾಗಾನೂ ತೋರಿಸಿದ್ರು."

ಸೋಮನಾಥ ತಲೆಯಾಡಿಸಿ ಹಾಲು ಕುಡಿದ. ಆಮೇಲೆ ನಾವೂ ಕುಡಿದೆವು.

"ಬೆಲ್ಲ ಜಾಸ್ತಿ ಆಗಿದೆ ಮಾವ," ಅಂದ.

ಭಾವ ನಮಗೆ ಬೆನ್ನು ಮಾಡಿ, ಹೆಗಲ ಮೇಲಿನ ಟವೆಲ್ ತೆಗೆದು ಟ್ಯಾಂಕನ್ನು ಒರೆಸುತ್ತಾ ಬಹಳ ಹೊತ್ತು ನಿಂತ. ಆ ಟ್ಯಾಂಕನ್ನು ಉಜ್ಜಿದವನು ನಾನು. ಒರೆಸುವುದಕ್ಕೆ ಅಲ್ಲಿ ಏನೂ ಇರಲಿಲ್ಲ.